ಏಕರೂಪ ಪರವಾನಗಿ, ಅನೇಕರೂಪ ಮಣ್ಣು

2022ರ ಏಪ್ರಿಲ್ 10ರಂದು ಮಧ್ಯಪ್ರದೇಶದ ಇಟಾರ್ಸಿಯ ಸಮೀಪ, ಭೋಪಾಲ–ನಾಗಪುರ ಹೆದ್ದಾರಿಯಲ್ಲಿ ಸುಖತವಾ ನದಿಗೆ ಕಟ್ಟಿದ್ದ ಬ್ರಿಟಿಷರ ಕಾಲದ ಸೇತುವೆಯೊಂದು 138 ಚಕ್ರಗಳ ಟ್ರೇಲರಿನ ಅಡಿಯಲ್ಲಿ ಮುರಿದುಬಿತ್ತು. ಟ್ರೇಲರು ಹೊತ್ತಿದ್ದುದು ವಿದ್ಯುತ್ ಜಾಲದ ಭಾರೀ ಯಂತ್ರವೊಂದನ್ನು. ಮರುದಿನದ ಪತ್ರಿಕೆಗಳಲ್ಲಿ ಸೇತುವೆಯ ವಯಸ್ಸಿನ ಬಗ್ಗೆ ಬಹಳಷ್ಟು ಚರ್ಚೆ ನಡೆಯಿತು. ಅಷ್ಟು ವಯಸ್ಸಾದ ಸೇತುವೆಯ ಮೇಲೆ ಅಷ್ಟು ಭಾರ ಹೋಗಬಹುದೆಂದು ತೀರ್ಮಾನಿಸಬೇಕಾದವರು ಯಾರು, ತೀರ್ಮಾನಿಸುವ ಮುನ್ನ ಆ ಸೇತುವೆಯನ್ನು ಅವರು ಕಣ್ಣಾರೆ ಕಂಡಿರಬೇಕೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಈ ಪ್ರಶ್ನೆಯನ್ನು ಇಂದು ನಮ್ಮ ಪುಟಗಳಲ್ಲಿ ಎತ್ತಲು ಕಾರಣವಿದೆ. ಮಿತಿಮೀರಿದ ಗಾತ್ರದ ಮತ್ತು ಮಿತಿಮೀರಿದ ತೂಕದ ಸರಕು ಸಾಗಿಸುವ ಲಾರಿ, ಟ್ರೇಲರುಗಳಿಗೆ ರಾಜ್ಯ ರಾಜ್ಯಗಳಲ್ಲಿ ಬೇರೆ ಬೇರೆ ನಿಯಮ ಇರಬಾರದು, ದೇಶಕ್ಕೆಲ್ಲ ಒಂದೇ ಪರವಾನಗಿ, ಒಂದೇ ಶುಲ್ಕ, ಒಂದೇ ಕಿಟಕಿ ಇರಬೇಕು ಎಂಬ ಬೇಡಿಕೆ ಸಾಗಣೆ ಉದ್ಯಮದಿಂದ ಮತ್ತೆ ಮತ್ತೆ ಕೇಳಿಬರುತ್ತಿದೆ. ಅವರ ಅಳಲಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಒಂದು ಟ್ರಾನ್ಸ್‌ಫಾರ್ಮರು ಕಾರ್ಖಾನೆಯಿಂದ ಹೊರಟು ನಾಲ್ಕು ರಾಜ್ಯ ದಾಟಬೇಕಾದರೆ ರಾಷ್ಟ್ರೀಯ ಹೆದ್ದಾರಿಗೆ ಕೇಂದ್ರ ಸಾರಿಗೆ ಸಚಿವಾಲಯದ ಅನುಮತಿ, ರಾಜ್ಯ ಹೆದ್ದಾರಿಗೆ ಆಯಾ ರಾಜ್ಯದ ಲೋಕೋಪಯೋಗಿ ಇಲಾಖೆಯ ಅನುಮತಿ, ಇದರ ಜೊತೆಗೆ ಪೊಲೀಸರ ಒಪ್ಪಿಗೆ ಎಂದು ಅಲೆಯಬೇಕಾಗುತ್ತದೆ. ಗಡಿಯಲ್ಲಿ ಟ್ರೇಲರು ದಿನಗಟ್ಟಲೆ ನಿಲ್ಲುತ್ತದೆ. ಚಾಲಕ ಅದರ ನೆರಳಿನಲ್ಲೇ ಅಡುಗೆ ಮಾಡಿಕೊಂಡು ಮಲಗುತ್ತಾನೆ. ನಿಂತಷ್ಟು ದಿನವೂ ಯಾರದೋ ಕೈ ಬೆಚ್ಚಗಾಗುತ್ತದೆ ಎಂಬುದೂ ಗುಟ್ಟಿನ ಸಂಗತಿಯಲ್ಲ. ಇದನ್ನೆಲ್ಲ ತಪ್ಪಿಸಲೆಂದು ಸಚಿವಾಲಯವು ಆನ್‌ಲೈನ್ ಅರ್ಜಿಯ ವ್ಯವಸ್ಥೆಯನ್ನೂ ತಂದಿದೆ. ಸಂತೋಷ.

ಆದರೆ ಏಕರೂಪತೆ ಬೇಕೆನ್ನುವವರು ಯಾವುದರ ಏಕರೂಪತೆಯನ್ನು ಕೇಳುತ್ತಿದ್ದಾರೆಂಬುದನ್ನು ಸ್ವಲ್ಪ ನಿಂತು ನೋಡಬೇಕು. ಅರ್ಜಿಯ ನಮೂನೆ ಒಂದೇ ಇರಲಿ, ಶುಲ್ಕ ಒಂದೇ ಇರಲಿ, ತೂಗುವ ಯಂತ್ರ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಒಂದೇ ಸತ್ಯವನ್ನು ಹೇಳಲಿ, ಬೇಡವೆನ್ನುವವರು ಯಾರು? ಬೇಡಿಕೆ ಅಷ್ಟಕ್ಕೇ ನಿಲ್ಲುವುದಿಲ್ಲ. "ಕೇಂದ್ರ ಒಪ್ಪಿದ ಮೇಲೆ ಸ್ಥಳೀಯರು ತಡೆಯಬಾರದು" ಎಂಬಲ್ಲಿಗೆ ಅದು ಬಂದು ಮುಟ್ಟುತ್ತದೆ. ನನ್ನ ತಕರಾರು ಇರುವುದು ಅಲ್ಲಿ.

ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದರೆ ಮೋಟಾರು ವಾಹನಗಳು ಸಮವರ್ತಿ ಪಟ್ಟಿಯ 35ನೆಯ ನಮೂದಿನಲ್ಲಿವೆ. ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರ ಪಟ್ಟಿಯಲ್ಲಿವೆ. ಉಳಿದ ರಸ್ತೆ ಮತ್ತು ಸೇತುವೆಗಳು ರಾಜ್ಯ ಪಟ್ಟಿಯ 13ನೆಯ ನಮೂದಿನಲ್ಲಿವೆ. ಎಂದರೆ ಗಾಡಿ ಎಷ್ಟು ತೂಗಬಹುದು ಎಂಬುದನ್ನು ದೆಹಲಿ ಹೇಳುತ್ತದೆ. ಆ ತೂಕವನ್ನು ಹೊರುವ ರಸ್ತೆಯನ್ನು ಕಟ್ಟಿ, ಕೆಟ್ಟಾಗ ರಿಪೇರಿ ಮಾಡುವ ಹೊಣೆ ಬೆಂಗಳೂರಿನದು, ಜಿಲ್ಲಾ ಪಂಚಾಯಿತಿಯದು, ಕೊನೆಗೆ ನಮ್ಮ ನಿಮ್ಮ ಗ್ರಾಮ ಪಂಚಾಯಿತಿಯದು. ಸರಕು ಸಾಗಣೆ ಅಗ್ಗವಾದರೆ ಲಾಭ ಒಬ್ಬನಿಗೆ, ಮೋರಿ ಮುರಿದರೆ ನಷ್ಟ ಇನ್ನೊಬ್ಬನಿಗೆ.

ಇದರ ಲೆಕ್ಕವನ್ನು ಒಮ್ಮೆ ಹಾಕೋಣ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ರಸ್ತೆ ಪ್ರಯೋಗವೊಂದು ಇಂದಿಗೂ ಜಗತ್ತಿನ ರಸ್ತೆ ಎಂಜಿನಿಯರುಗಳ ಪಂಚಾಂಗ. ಅಲ್ಲಿ ಕಂಡುಬಂದದ್ದೇನೆಂದರೆ, ರಸ್ತೆಗೆ ಆಗುವ ಹಾನಿ ಲಾರಿಯ ಒಟ್ಟು ತೂಕಕ್ಕಿಂತ ಅದರ ಒಂದೊಂದು ಆಕ್ಸೆಲ್ ಮೇಲೆ ಬೀಳುವ ತೂಕವನ್ನು ಅವಲಂಬಿಸಿದೆ. ಅದೂ ಸುಮಾರಾಗಿ ನಾಲ್ಕನೆಯ ಘಾತದಲ್ಲಿ. ಆಕ್ಸೆಲ್ ಭಾರ ಎರಡರಷ್ಟಾದರೆ ಹಾನಿ ಎರಡರಷ್ಟಲ್ಲ, ಹದಿನಾರರಷ್ಟು. ನಮ್ಮ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡವು 8.16 ಟನ್ನಿನ ಆಕ್ಸೆಲ್ಲನ್ನು ಒಂದು ಘಟಕವೆಂದು ಇಟ್ಟುಕೊಂಡಿದೆ. ನಾಲ್ಕು ಟೈರುಗಳ ಒಂಟಿ ಆಕ್ಸೆಲ್ಲಿಗೆ ಹಿಂದೆ ಇದ್ದ ಕಾನೂನುಬದ್ಧ ಮಿತಿ 10.2 ಟನ್. ಅದರ ಹಾನಿ 2.4 ಘಟಕ. 2018ರ ಜುಲೈ 16ರ ಅಧಿಸೂಚನೆ ಈ ಮಿತಿಯನ್ನು 11.5 ಟನ್ನಿಗೆ ಏರಿಸಿತು. ಗಾಡಿಯೊಂದರ ಗರಿಷ್ಠ ಒಟ್ಟು ತೂಕವನ್ನು 49ರಿಂದ 55 ಟನ್ನಿಗೆ ಏರಿಸಿತು. 11.5 ಟನ್ನಿನ ಹಾನಿ 3.9 ಘಟಕ. ತೂಕ ಏರಿದ್ದು ಶೇಕಡಾ 13ರಷ್ಟು, ಹಾನಿ ಏರಿದ್ದು ಶೇಕಡಾ 62ರಷ್ಟು.

"ಹೆಚ್ಚು ಹೊತ್ತರೆ ಕಡಿಮೆ ಟ್ರಿಪ್ಪು, ಡೀಸೆಲ್ಲೂ ಉಳಿಯಿತು, ಹೊಗೆಯೂ ಉಳಿಯಿತು, ಪರಿಸರವಾದಿಗಳಾದ ನೀವು ಸಂತೋಷಪಡಬೇಕು" ಎಂದು ನನಗೊಬ್ಬರು ಸಭೆಯಲ್ಲಿ ಉಪದೇಶಿಸಿದರು. ಖಾಲಿ ಗಾಡಿಯ ತೂಕವನ್ನು ಕಳೆದು ನೋಡಿದರೆ ಹೊಸ ಮಿತಿಯಲ್ಲಿ ಸರಕು ಹೆಚ್ಚಾಗುವುದು ಹೆಚ್ಚೆಂದರೆ ಐದನೆಯ ಒಂದು ಪಾಲು. ಅಷ್ಟು ಟ್ರಿಪ್ಪುಗಳನ್ನು ಉಳಿಸಿಕೊಟ್ಟ ಮೇಲೂ ಅದೇ ಸರಕಿಗೆ ಆ ಆಕ್ಸೆಲ್ಲಿನಿಂದ ರಸ್ತೆಗಾಗುವ ಹಾನಿ ಮೂರನೆಯ ಒಂದು ಪಾಲಿನಷ್ಟು ಹೆಚ್ಚೇ ಇರುತ್ತದೆ. ಕೆಟ್ಟ ರಸ್ತೆಯನ್ನು ಮತ್ತೆ ಕಟ್ಟಲು ಜಲ್ಲಿ ಬೇಕು, ಜಲ್ಲಿಗೆ ಕ್ವಾರಿ ಬೇಕು, ಕ್ವಾರಿಗೆ ನಮ್ಮ ಗುಡ್ಡವೇ ಬೇಕು. ಉಳಿದ ಡೀಸೆಲ್ಲಿನ ಪಕ್ಕದಲ್ಲಿ ಈ ಬಾಬನ್ನೂ ಬರೆದುಕೊಂಡು ಅವರು ಉಪದೇಶಿಸಲಿ.

ಇಷ್ಟೂ ಕಾನೂನಿನೊಳಗಿನ ಭಾರದ ಮಾತು. ಕಾನೂನಿನ ಆಚೆಗಿನ ಭಾರಕ್ಕೆ ಬಂದರೆ, 15 ಟನ್ ಬಿದ್ದ ಒಂದು ಆಕ್ಸೆಲ್ ಒಮ್ಮೆ ಹಾದುಹೋಗುವುದು 11 ಘಟಕಗಳಿಗೆ ಸಮ. ಘಟ್ಟದ ಕೆಳಗಿನವರಿಗೂ ಮೇಲಿನವರಿಗೂ ಇದನ್ನು ಸೂತ್ರ ಹಾಕಿ ವಿವರಿಸಬೇಕಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಅದಿರು ಬೇಲೆಕೇರಿಗೆ ಅರಬೈಲು ಘಟ್ಟದಲ್ಲಿ, ಮಂಗಳೂರಿಗೆ ಶಿರಾಡಿಯಲ್ಲಿ ಇಳಿದ ಕಾಲವನ್ನು ನಾವು ಕಂಡಿದ್ದೇವೆ. ರಸ್ತೆಯ ಇಕ್ಕೆಲದ ಮರಗಳ ಎಲೆ ಹಸಿರೆಂಬುದನ್ನೇ ಮರೆತಿತ್ತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರಿನಲ್ಲೂ 2011ರ ಜುಲೈಯಲ್ಲೂ ಸಲ್ಲಿಸಿದ ವರದಿಗಳಲ್ಲಿ ಗಣಿಯ ಅಕ್ರಮದ ಜೊತೆಗೆ ಲಾರಿಗಳ ಅತಿಭಾರದ ವಿಚಾರವೂ ಬಂದಿದೆ. ಗಮನಿಸಬೇಕಾದ ಮಾತೆಂದರೆ, ಆಗಲೂ ಕಾನೂನು ಏಕರೂಪವೇ ಆಗಿತ್ತು. 1988ರ ಮೋಟಾರು ವಾಹನ ಕಾಯಿದೆ ಬಳ್ಳಾರಿಗೊಂದು, ಅಂಕೋಲೆಗೊಂದು ಇರಲಿಲ್ಲ. ಪರವಾನಗಿಗಳಿಗೂ ಬರವಿರಲಿಲ್ಲ. ಇರಲಿಲ್ಲದ್ದು ತೂಗುವ ಮನಸ್ಸು.

ಅತಿಭಾರವನ್ನು ರಾಜ್ಯಗಳು ತಾವಾಗಿಯೇ ಮಾರಿಕೊಂಡ ಇತಿಹಾಸವೂ ಇದೆ. ಹೆಚ್ಚಿನ ಹೊರೆಗೆ ಮುಂಗಡ ಹಣ ಕಟ್ಟಿಸಿಕೊಂಡು ಚೀಟಿ ಕೊಟ್ಟುಬಿಡುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಬೆಳೆದಿತ್ತು. 2005ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಇದು ಕಾನೂನಿಗೆ ವಿರುದ್ಧವೆಂದು ಹೇಳಿತು. ದಂಡ ಕಟ್ಟಿದ ಮಾತ್ರಕ್ಕೆ ಗಾಡಿ ಮುಂದೆ ಹೋಗುವಂತಿಲ್ಲ, ಹೆಚ್ಚುವರಿ ಹೊರೆಯನ್ನು ಇಳಿಸಲೇಬೇಕು ಎಂದಿತು. 2019ರ ತಿದ್ದುಪಡಿಯ ನಂತರ ಕಾಯಿದೆಯ 194ನೆಯ ಕಲಮಿನಲ್ಲಿಯೇ ಅದು ಬಂದಿದೆ: 20,000 ರೂಪಾಯಿ ದಂಡ, ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ, ಇಳಿಸುವ ಖರ್ಚೂ ಅವರದೇ, ಹೊರೆ ಇಳಿಯುವ ತನಕ ಗಾಡಿ ಕದಲುವಂತಿಲ್ಲ. ಓಡಿಸಿದವನಷ್ಟೇ ಅಲ್ಲ, ಓಡಿಸಲು ಕಾರಣನಾದವನೂ ಹೊಣೆ. ಘಟ್ಟದ ನೆತ್ತಿಯಲ್ಲಿ ಒಂದು ಲಾರಿಯ ಹೊರೆಯನ್ನು ಇಳಿಸಿ ಪಕ್ಕಕ್ಕಿಟ್ಟದ್ದನ್ನು ಓದುಗ ಮಿತ್ರರಲ್ಲಿ ಯಾರಾದರೂ ಕಂಡಿದ್ದರೆ ದಯಮಾಡಿ ನನಗೊಂದು ಕಾಗದ ಬರೆಯಬೇಕು.

ಈಗ ಮಣ್ಣಿಗೆ ಬರುತ್ತೇನೆ. ನನ್ನ ಕಸುಬು ಅದು.

ರಸ್ತೆಯ ಬಲವನ್ನು ಡಾಂಬರಿನಲ್ಲಿ ಹುಡುಕುವವರು ಮೋಸಹೋಗುತ್ತಾರೆ. ಅದು ಇರುವುದು ಅದರಡಿಯ ಮಣ್ಣಿನಲ್ಲಿ. ಬಯಲುಸೀಮೆಯ ರಸ್ತೆ ನೆಲದ ಮೇಲೆ ಮಲಗಿದೆ. ಮಲೆನಾಡಿನ ರಸ್ತೆ ಗುಡ್ಡದ ಪಕ್ಕೆಗೆ ಆತುಕೊಂಡು ನಿಂತಿದೆ. ಒಳಬದಿಯನ್ನು ಕಡಿದು ತೆಗೆದ ಮಣ್ಣನ್ನು ಹೊರಬದಿಗೆ ತುಂಬಿ ದಾರಿ ಮಾಡಿದ್ದರಿಂದ, ಅರ್ಧ ರಸ್ತೆ ಹುಟ್ಟುನೆಲ, ಅರ್ಧ ರಸ್ತೆ ತುಂಬಿದ ಮಣ್ಣು. ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಪದರ ಕಂಡರೂ ಅದರಡಿಯಲ್ಲಿ ಹಲವೆಡೆ ಶೇಡಿ ಮಣ್ಣಿದೆ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಈ ಮಣ್ಣು ನೀರು ಕುಡಿದಾಗ ಅಂಬಲಿಯಾಗುತ್ತದೆ. ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿ ಒತ್ತಡ ಏರಿದಾಗ ಕಣ ಕಣವನ್ನು ಹಿಡಿದಿಟ್ಟ ಘರ್ಷಣೆ ಕುಗ್ಗುತ್ತದೆ. ಅಂಥ ಹೊತ್ತಿನಲ್ಲಿ ಮೇಲೆ ಹಾದುಹೋಗುವ ಪ್ರತಿಯೊಂದು ಭಾರೀ ಆಕ್ಸೆಲ್ ಆ ನೀರನ್ನು ಒಮ್ಮೆ ಹಿಸುಕಿ ಬಿಡುತ್ತದೆ. ನೂರು ಗಾಡಿ ಹೋದರೂ ಏನೂ ಆಗದಿರಬಹುದು. ರಸ್ತೆಯ ಹೊರ ಅಂಚಿನಲ್ಲಿ ಉದ್ದಕ್ಕೆ ಒಂದು ಕೂದಲೆಳೆಯ ಬಿರುಕು ಕಾಣುತ್ತದೆ, ಅಷ್ಟೇ. ಮುಂದಿನ ಮಳೆ ಆ ಬಿರುಕಿನ ದಾರಿಯನ್ನೇ ಹಿಡಿಯುತ್ತದೆ.

ರಸ್ತೆಯ ವಿನ್ಯಾಸಕ್ಕೆ ಮಣ್ಣಿನ ಬಲವನ್ನು ಅಳೆಯುವಾಗ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿಟ್ಟು ಪರೀಕ್ಷಿಸುತ್ತಾರೆ. ನಾಲ್ಕು ದಿನ! ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಮಣ್ಣು ನಾಲ್ಕು ತಿಂಗಳು ನೆನೆಯುತ್ತದೆ. ಇದೇ ಪರೀಕ್ಷೆ, ಇದೇ ಆಕ್ಸೆಲ್ ಮಿತಿ, ಇದೇ ಪರವಾನಗಿ ಬಿಜಾಪುರದ ಎರೆಭೂಮಿಗೂ, ರಾಜಸ್ಥಾನದ ಮರಳಿಗೂ, ನಮ್ಮ ಧರೆಗಳಿಗೂ. ಬೆಳೆಗೆ ಗೊಬ್ಬರದ ಪ್ರಮಾಣವನ್ನು ದೇಶಕ್ಕೆಲ್ಲ ಒಂದೇ ಎಂದು ಶಿಫಾರಸು ಮಾಡಿದರೆ ನನ್ನನ್ನು ಕೆಲಸದಿಂದ ತೆಗೆಯುತ್ತಾರೆ. ಭಾರದ ವಿಚಾರದಲ್ಲಿ ಅದೇ ಮಾತಿಗೆ ಸುಧಾರಣೆ ಎಂಬ ಹೆಸರು.

ಏಕರೂಪತೆಗೆ ಅಮೆರಿಕವನ್ನು ಮಾದರಿಯಾಗಿ ತೋರಿಸುವವರು ಅಲ್ಲಿ ನಿಜವಾಗಿ ನಡೆಯುವುದನ್ನೂ ನೋಡಬೇಕು. ಅಂತರರಾಜ್ಯ ಹೆದ್ದಾರಿಗಳಿಗೆ 1974ರ ಕಾನೂನಿನಿಂದ 80,000 ಪೌಂಡುಗಳ, ಅಂದರೆ ಸುಮಾರು 36 ಟನ್ನುಗಳ ಮಿತಿ ಇದೆ. ಅದನ್ನು ಮೀರುವ ಸರಕಿಗೆ ಪರವಾನಗಿ ಕೊಡುವುದು ಒಂದೊಂದು ರಾಜ್ಯವೂ ಬೇರೆ ಬೇರೆಯಾಗಿ. ಅಲ್ಲಿಯೂ ಸಾಗಣೆದಾರರು ಇದೇ ಅಳಲನ್ನು ತೋಡಿಕೊಳ್ಳುತ್ತಾರೆ. ಆದರೂ ಮಿಶಿಗನ್, ಮಿನೆಸೋಟಾದಂಥ ಉತ್ತರದ ರಾಜ್ಯಗಳು ಚಳಿಗಾಲ ಮುಗಿದು ಹಿಮ ಕರಗುವ ವಾರಗಳಲ್ಲಿ ಅನೇಕ ರಸ್ತೆಗಳ ಮೇಲೆ ಆಕ್ಸೆಲ್ ಭಾರವನ್ನು ತಗ್ಗಿಸುತ್ತವೆ. ಕಾರಣ, ಆಗ ಮಣ್ಣು ನೆನೆದಿರುತ್ತದೆ. ಕೆಲವು ವಾರಗಳ ಹಸಿಮಣ್ಣಿಗೆ ಅವರು ತೋರುವ ಮರ್ಯಾದೆಯನ್ನು ನಾಲ್ಕು ತಿಂಗಳ ಹಸಿಮಣ್ಣಿಗೆ ನಾವು ತೋರಬಾರದೇ?

ಅಲ್ಲಿಯದೇ ಇನ್ನೊಂದು ಪಾಠವಿದೆ. 2013ರ ಮೇ 23ರಂದು ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ನದಿಯ ಸೇತುವೆಗೆ ಅತಿ ಎತ್ತರದ ಸರಕು ಹೊತ್ತ ಲಾರಿಯೊಂದು ತಗುಲಿ, ಸೇತುವೆಯ ಒಂದು ಭಾಗವೇ ನದಿಗೆ ಬಿತ್ತು. ಆ ಲಾರಿ ಕಳ್ಳದಾರಿಯಲ್ಲಿ ಬಂದದ್ದಲ್ಲ. ಅದರ ಬಳಿ ರಾಜ್ಯವು ಆನ್‌ಲೈನಿನಲ್ಲಿ ಕೊಟ್ಟ ಪರವಾನಗಿಯಿತ್ತು, ಮುಂದೆ ದಾರಿ ತೋರುವ ವಾಹನವೂ ಇತ್ತು. ದಾರಿಯಲ್ಲಿ ತನ್ನ ಸರಕು ಹಿಡಿಸುತ್ತದೆಯೇ ಎಂದು ನೋಡಿಕೊಳ್ಳುವ ಹೊಣೆಯನ್ನು ಮಾತ್ರ ವ್ಯವಸ್ಥೆ ಸಾಗಣೆದಾರನಿಗೇ ಬಿಟ್ಟಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಒಂದೇ ಕಿಟಕಿಯ ಹಿಂದೆ ಸೇತುವೆಯ ಅಳತೆ ಬಲ್ಲ ಮನುಷ್ಯ ಕೂತಿಲ್ಲದಿದ್ದರೆ ಆ ಕಿಟಕಿಯಿಂದ ಬೇಗ ಸಿಗುವುದು ಅಪಾಯ ಮಾತ್ರ.

ನಮ್ಮೂರಿನ ಕಥೆಯನ್ನೂ ಹೇಳದಿದ್ದರೆ ತಪ್ಪಾದೀತು. 2022ರ ಜೂನ್ ಮೊದಲ ವಾರ. ಮಣ್ಣು ತೋಡುವ ದೊಡ್ಡ ಯಂತ್ರವೊಂದನ್ನು ಹೊತ್ತ ಹೊರರಾಜ್ಯದ ಟ್ರೇಲರು, ಗುಡ್ಡದ ಮೇಲೆ ಎದ್ದುನಿಲ್ಲುತ್ತಿದ್ದ ವಸತಿಗೃಹಕ್ಕೆಂದು, 3.75 ಮೀಟರ್ ಅಗಲದ ನಮ್ಮ ಹಳ್ಳಿಯ ರಸ್ತೆಗೆ ತಿರುಗಿತು. ಹಿರಿಯರು ಕಲ್ಲು ಹಾಸಿ ಕಟ್ಟಿದ್ದ ಮೋರಿಯೊಂದು ಅಲ್ಲಿತ್ತು. ಅದು ಅಂದು ಮುರಿಯಲಿಲ್ಲ, ಒಳಗೊಳಗೇ ಕುಳಿತುಕೊಂಡಿತು. ಹದಿನೈದು ದಿನದ ಮೇಲೆ ಮಳೆ ಹಿಡಿದಾಗ ಹಳ್ಳದ ನೀರು ಮೋರಿಯಲ್ಲಿ ಹಾಯಲಾರದೆ ರಸ್ತೆಯನ್ನೇರಿ, ಕೆಳಗಿನ ಮನೆಯವರ ಅಡಿಕೆ ತೋಟಕ್ಕೆ ನುಗ್ಗಿತು. ಬಸಿಗಾಲುವೆಗಳು ತುಂಬಿ ತೋಟದ ಮೇಲೆ ಒಂದೂವರೆ ಅಡಿ ಹೂಳು ನಿಂತದ್ದನ್ನು ನಾನೇ ಅಳೆದೆ. ಅಡಿಕೆಯ ಬೇರು ಮೇಲ್ಪದರದಲ್ಲಿಯೇ ಉಸಿರಾಡುವಂಥದು. ಹೂಳು ತೆಗೆಯಲು ಆಳು ಸಿಗುವ ಹೊತ್ತಿಗೆ ಶ್ರಾವಣ ಬಂದಿತ್ತು. ಮರುವರ್ಷ ಆ ಸಾಲುಗಳ ಶಿರ ಸಣ್ಣದಾಯಿತು, ಅದರ ಮರುವರ್ಷ ಮರಗಳೇ ಹೋದವು.

ಆ ಮನೆಯ ಯಜಮಾನರ ಜೊತೆಗೆ ನಾನೂ ಮೂರು ಕಚೇರಿಗಳನ್ನು ಹತ್ತಿ ಇಳಿದೆ. ಒಂದು ಕಡೆ, "ಗಾಡಿಗೆ ಅನುಮತಿ ಇದೆ, ಆನ್‌ಲೈನಿನಲ್ಲಿ ಆಗಿದೆ, ನಮ್ಮಲ್ಲಿ ಕಡತವಿಲ್ಲ" ಎಂದರು. ಅನುಮತಿ ಇದ್ದದ್ದು ಹೆದ್ದಾರಿಗೆ. ಹೆದ್ದಾರಿಯಿಂದ ಇಳಿದ ಮೇಲಿನ ನಾಲ್ಕು ಕಿಲೋಮೀಟರು ಯಾರ ಕಾಗದದಲ್ಲೂ ಇರಲಿಲ್ಲ. ಇನ್ನೊಂದು ಕಡೆ, "ಮೋರಿ ಹಳೆಯದಾಗಿತ್ತಲ್ಲ ರಾಯರೇ" ಎಂದರು. ಮೂರನೆಯ ಕಡೆ ಸಾಹೇಬರು ರಜೆಯಲ್ಲಿದ್ದರು.

ನಾವೇನೂ ಸಾಚಾಗಳಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಳ್ಳಬೇಕು. ತಮಿಳುನಾಡಿನ ಕಡೆಯಿಂದ ಬರುವ ಕೋಳಿಗೊಬ್ಬರದ ಲಾರಿ ತುಂಬಿ ತುಳುಕುತ್ತಿದ್ದರೆ ನಮಗೆ ಅದು ಅಗ್ಗ. ಶುಂಠಿಯ ಲೋಡು, ಕಲ್ಲಿನ ಲೋಡು, ಮನೆ ಕಟ್ಟುವಾಗಿನ ಮರಳು, ಇವುಗಳನ್ನೆಲ್ಲ ತೂಗಿಸಿ ತರಿಸಿದವರು ನಮ್ಮಲ್ಲಿ ಎಷ್ಟು ಜನ? ಹೊರೆ ಹೇರಿಸುವವನೂ ಹೊಣೆ ಎಂಬ ಕಾನೂನು ಜಾರಿಯಾದರೆ ಮೊದಲ ನೋಟಿಸು ನಮ್ಮ ಪೈಕಿ ಕೆಲವರ ಅಂಗಳಕ್ಕೇ ಬರುತ್ತದೆ. ಬರಲಿ.

ಕಾಯಿದೆಯ 115ನೆಯ ಕಲಮು ರಸ್ತೆ ಅಥವಾ ಸೇತುವೆಯ ಸ್ವರೂಪವನ್ನು ನೋಡಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಮಳೆಗಾಲದಲ್ಲಿ ಕೊಡಗಿನಲ್ಲಿ ಭಾರೀ ವಾಹನ ಮತ್ತು ಮರದ ದಿಮ್ಮಿಗಳ ಸಾಗಣೆಗೆ ಜಿಲ್ಲಾಡಳಿತ ತಡೆ ಹಾಕುವುದನ್ನು, 2019ರ ಭೂಕುಸಿತದ ನಂತರ ಚಾರ್ಮಾಡಿಯಲ್ಲಿ ಘನ ವಾಹನಗಳನ್ನು ನಿಲ್ಲಿಸಿದ್ದನ್ನು ನಾವು ಕಂಡಿದ್ದೇವೆ. 2015ರಲ್ಲೂ 2018ರಲ್ಲೂ ಕಾಂಕ್ರೀಟ್ ಕೆಲಸಕ್ಕೆ ಶಿರಾಡಿ ಮುಚ್ಚಿದಾಗ ಅದರ ಸಂಚಾರದ ಹೊರೆ ಪಕ್ಕದ ಘಟ್ಟಗಳ ಮೇಲೆ ಬಿದ್ದದ್ದನ್ನೂ ಕಂಡಿದ್ದೇವೆ. ಒಂದು ಘಟ್ಟಕ್ಕೆ ತಡೆ ಹಾಕಿದಾಗ ಇನ್ನೊಂದರ ಗತಿಯೇನೆಂದು ಕೇಳಬಲ್ಲವರು ಸ್ಥಳದಲ್ಲಿರುವವರು ಮಾತ್ರ. ಏಕರೂಪ ಪರವಾನಗಿಯ ಹೆಸರಿನಲ್ಲಿ ಈ 115ನೆಯ ಕಲಮಿನ ಹಲ್ಲು ಕೀಳಲು ಬಿಡಬಾರದು. ಬದಲಿಗೆ ಜಿಲ್ಲಾಧಿಕಾರಿಯ ಆದೇಶ ಹೊರಟ ಗಳಿಗೆಯಲ್ಲೇ ಆ ಆನ್‌ಲೈನ್ ವ್ಯವಸ್ಥೆಯಲ್ಲಿ ಆ ದಾರಿ ತಾನಾಗಿ ಮುಚ್ಚಿಕೊಳ್ಳಬೇಕು. ಹೆದ್ದಾರಿಯಿಂದ ಸರಕು ಇಳಿಯುವ ಅಂಗಳದವರೆಗಿನ ಪೂರ್ತಿ ದಾರಿಗೆ ಪರವಾನಗಿ ಇರಬೇಕು. ದಾರಿಯಲ್ಲಿ ಬರುವ ಪ್ರತಿ ಗ್ರಾಮ ಪಂಚಾಯಿತಿಗೆ ವಾರದ ಮುಂಚೆ ತಿಳಿಸಬೇಕು. ಮುರಿದದ್ದನ್ನು ಕಟ್ಟಿಸಲು ಠೇವಣಿ ಇಡಿಸಿಕೊಳ್ಳಬೇಕು. ಘಟ್ಟದ ಬುಡದಲ್ಲೂ ನೆತ್ತಿಯಲ್ಲೂ ವೇ ಬ್ರಿಡ್ಜ್ ಬೇಕು, ಅದರ ಪಕ್ಕದಲ್ಲಿ ಹೊರೆ ಇಳಿಸಲು ಜಾಗ ಬೇಕು. ಜಾಗವಿಲ್ಲವೆಂಬುದೇ ಇಂದು ಇಳಿಸದಿರಲು ಹೇಳುವ ನೆಪ.

ಶರಾವತಿ ಕಣಿವೆಯಲ್ಲಿ ಪ್ರಸ್ತಾಪಿಸಲಾಗಿರುವ 2000 ಮೆಗಾವ್ಯಾಟಿನ ಭೂಗತ ಜಲವಿದ್ಯುತ್ ಯೋಜನೆಯ ಬಗ್ಗೆ ಈ ಪುಟಗಳಲ್ಲಿ ಬೇರೆಯವರು ಬರೆಯುತ್ತಾರೆ. ಕಾಡಿನ ಲೆಕ್ಕ, ನೀರಿನ ಲೆಕ್ಕ ಹಾಕುವಾಗ ಆ ಯಂತ್ರಗಳೂ ಟ್ರಾನ್ಸ್‌ಫಾರ್ಮರುಗಳೂ ಯಾವ ದಾರಿಯಲ್ಲಿ, ಎಷ್ಟು ಆಕ್ಸೆಲ್ಲುಗಳ ಮೇಲೆ ಬರುತ್ತವೆಂಬ ಲೆಕ್ಕವನ್ನೂ ಕೇಳಬೇಕೆಂದಷ್ಟೇ ನನ್ನ ವಿನಂತಿ. ಆ ದಾರಿಯ ಪಕ್ಕದ ಧರೆಗಳು ಯಾವ ಪರಿಸರ ವರದಿಯ ಅಂಚಿನೊಳಗೂ ಬೀಳದೆ ಹೋಗುವ ಸಂಭವವಿದೆ.

ಸದ್ಯಕ್ಕೆ ನಾವು ಮಾಡಬಹುದಾದ ಒಂದು ಕೆಲಸವಿದೆ. ಮಳೆ ಹಿಡಿಯುವ ಮುನ್ನ ಪ್ರತಿ ಊರಿನವರೂ ತಮ್ಮ ರಸ್ತೆಯ ಮೋರಿ, ಸಂಕಗಳನ್ನು ಎಣಿಸಿ, ಯಾವುದು ಕಲ್ಲಿನದು, ಯಾವುದು ಪೈಪಿನದು, ಯಾವುದರ ಬಳಿ ಬಿರುಕು ಬಿಟ್ಟಿದೆ ಎಂದು ಬರೆದು, ಗ್ರಾಮಸಭೆಯಲ್ಲಿ ಓದಿ ನಡಾವಳಿಯಲ್ಲಿ ಸೇರಿಸಲಿ. ಪ್ರತಿಯೊಂದನ್ನು ಜಿಲ್ಲಾಧಿಕಾರಿಗೂ ಲೋಕೋಪಯೋಗಿ ಇಲಾಖೆಗೂ ಕಳಿಸಿ ಸ್ವೀಕೃತಿ ಪಡೆಯಲಿ. "ಮೋರಿ ಹಳೆಯದಾಗಿತ್ತು" ಎಂದು ಮುಂದೊಮ್ಮೆ ಯಾರಾದರೂ ಹೇಳಿದಾಗ, ಅದು ತಮಗೆ ಮೊದಲೇ ಗೊತ್ತಿತ್ತೆಂಬುದಕ್ಕೆ ಅವರದೇ ಮುದ್ರೆ ನಮ್ಮ ಬಳಿ ಇರುತ್ತದೆ. ನಮ್ಮೂರಿನ ಪಟ್ಟಿಯಲ್ಲಿ ಹನ್ನೊಂದು ಮೋರಿಗಳಾಗಿವೆ. ಕುಸಿದದ್ದರ ಜಾಗದಲ್ಲಿ ಈಗಲೂ ಅಡಿಕೆ ಮರದ ಕಾಲುಸಂಕವೇ ಇದೆ. ಮಕ್ಕಳು ಶಾಲೆಗೆ ಅದರ ಮೇಲೆಯೇ ದಾಟುತ್ತಾರೆ.